ಅಂಟು ಸೋತ ಮೇಲೂ ನಿಲ್ಲುವ ಜಾಯಿಂಟ್

ಮರಗೆಲಸವನ್ನು ಹವ್ಯಾಸವಾಗಿ ಹಿಡಿದವರು ನನ್ನನ್ನು ಮೊದಲು ಕೇಳುವ ಪ್ರಶ್ನೆ ಒಂದೇ. "ಎಲ್ಲಕ್ಕಿಂತ ಗಟ್ಟಿ ಜಾಯಿಂಟ್ ಯಾವುದು?" ಕೇಳುವವರ ಹತ್ತಿರ ಹೊಸ ಡ್ರಿಲ್ ಇರುತ್ತದೆ. ಬಾಲ್ಕನಿಯಲ್ಲಿ ಒಂದೆರಡು ಹಲಗೆ ಒರಗಿಸಿಟ್ಟಿರುತ್ತಾರೆ. ಭಾನುವಾರ ಹತ್ತಿರ ಬಂದಿರುತ್ತದೆ. ಒಂದು ಹೆಸರು ಹೇಳಿಬಿಟ್ಟರೆ ಅವರಿಗೂ ಸಮಾಧಾನ. ಆದರೆ ನಾನು ತಿರುಗಿ ಕೇಳುತ್ತೇನೆ: "ಏನು ಮಾಡ್ತಿದ್ದೀರಿ? ಅದನ್ನ ಯಾವ ಕಡೆಗೆ ಎಳೀತಾರೆ, ಯಾವ ಕಡೆಯಿಂದ ತಳ್ತಾರೆ?"

ಡ್ರಾಯರನ್ನು ದಿನವಿಡೀ ಮುಂದಕ್ಕೆ ಎಳೆಯುತ್ತಾರೆ. ಕುರ್ಚಿಯಲ್ಲಿ ಕೂತವರು ಹಿಂದಕ್ಕೆ ಒರಗುತ್ತಾರೆ. ಪುಸ್ತಕದ ಕಪಾಟು ಸುಮ್ನೆ ನಿಂತಿರುತ್ತದೆ, ಆದರೆ ಅದರ ಮೇಲಿನ ಭಾರ ಹಗಲೂ ರಾತ್ರಿ ಕೆಳಕ್ಕೆ ಜಗ್ಗುತ್ತಲೇ ಇರುತ್ತದೆ. ಮೂರಕ್ಕೂ ಒಂದೇ ಜಾಯಿಂಟ್ ಒಗ್ಗುವುದಿಲ್ಲ. ಹಾಗಾಗಿ ಏನೇ ಮಾಡುವಾಗಲೂ ನಾನು ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಳ್ಳುತ್ತೇನೆ. ಇವತ್ತಲ್ಲ ನಾಳೆ ಅಂಟು ಸೋಲುತ್ತದೆ ಅಂತಲೇ ಇಟ್ಟುಕೊಳ್ಳೋಣ. ಆಗಲೂ ಈ ಎರಡು ಮರ ಒಂದನ್ನೊಂದು ಹಿಡಿದುಕೊಂಡಿರುತ್ತವಾ?

ಇದಕ್ಕೆ ಉತ್ತರ ಬೇಕಾದರೆ ಮರ ಒಳಗೆ ಹೇಗಿದೆ ಅಂತ ಗೊತ್ತಿರಬೇಕು. ಮರವೆಂದರೆ ಸ್ಟ್ರಾಗಳನ್ನು ಒತ್ತಾಗಿ ಸೇರಿಸಿ ಕಟ್ಟಿದ ಕಂತೆ ಇದ್ದ ಹಾಗೆ. ಬೇರಿನ ನೀರು ಎಲೆಗೆ ಏರಿದ್ದು ಈ ಕೊಳವೆಗಳಲ್ಲೇ. ಎರಡು ಹಲಗೆಗಳನ್ನು ಪಕ್ಕಕ್ಕೆ ಪಕ್ಕ ಸೇರಿಸಿ ಅಂಟಿಸಿದರೆ ನಾರಿಗೆ ನಾರು ಉದ್ದಕ್ಕೂ ತಾಗುತ್ತದೆ. ಅಂಥ ಜಾಯಿಂಟನ್ನು ಮುರಿಯಲು ಹೋದರೆ ಅಂಟು ಬಿಡುವುದಕ್ಕಿಂತ ಮೊದಲು ಪಕ್ಕದ ಮರವೇ ಸೀಳುತ್ತದೆ. ಅದಕ್ಕೆ ಅಂಗಡಿಯ ಮಾಮೂಲಿ ಬಿಳಿ ಫೆವಿಕಾಲ್ ಸಾಕು, ಮೇಲೆ ಬೇರೆ ಯಾವ ಕೌಶಲವೂ ಬೇಡ. ಎರಡೂ ಅಂಚು ನೇರವಾಗಿರಬೇಕು, ಮರವನ್ನು ಒತ್ತಿ ಹಿಡಿಯುವ ಕ್ಲಾಂಪ್ ಬಿಗಿಯಾಗಿರಬೇಕು, ಅಷ್ಟೆ.

ಕೊಯ್ದ ತುದಿಯ ಕಥೆ ಬೇರೆ. ಒಂದು ಹಲಗೆಯ ತುದಿಯನ್ನು ಇನ್ನೊಂದರ ಮೈಗೆ ನೇರವಾಗಿ ಅಂಟಿಸುವುದೇ ಬಟ್ ಜಾಯಿಂಟ್. ತುದಿಯಲ್ಲಿರುವ ಕೊಳವೆಗಳ ಬಾಯಿ ಅಂಟನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಮುಟ್ಟುವ ಜಾಗ ಚಿಕ್ಕದು. ಉದ್ದ ಹಲಗೆಯ ಆ ತುದಿಯನ್ನು ಸ್ವಲ್ಪ ಒತ್ತಿದರೂ ಈ ತುದಿ ಬಾಯಿ ಬಿಡುತ್ತದೆ. ಜತೆಗೆ ಸ್ಕ್ರೂ ಹಾಕಿದರೆ ಗಟ್ಟಿಯಾಗುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಕೊಯ್ದ ತುದಿಗೆ ಹೋಗುವ ಸ್ಕ್ರೂ ನಾರುಗಳ ಉದ್ದಕ್ಕೇ ನುಗ್ಗುತ್ತದೆ. ಅದರ ಸುರುಳಿ ಅಂಚು ನಾರನ್ನು ಅಡ್ಡಡ್ಡ ಕಚ್ಚುವುದಿಲ್ಲ. ಜೋರಾಗಿ ಎಳೆದರೆ ಪುಡಿ ಉದುರಿಸಿಕೊಂಡು ಆಚೆ ಬರುತ್ತದೆ. ಬಟ್ ಜಾಯಿಂಟ್ ಬೇಡವೇ ಬೇಡ ಅಂತಲ್ಲ. ಗೋಡೆಗೆ ಬಿಗಿಯುವ ಸಣ್ಣ ಪೆಟ್ಟಿಗೆಗೆ, ಹಿಂದೆ ಪ್ಲೈ ಹಾಕಿ ಮುಚ್ಚುವ ಫ್ರೇಮಿಗೆ ಧಾರಾಳವಾಗಿ ನಡೆಯುತ್ತದೆ. ಮನುಷ್ಯರು ಕೂರುವ ವಸ್ತುವಿಗೆ ಮಾತ್ರ ಬೇಡ.

ಕೂರುವ ವಸ್ತುವಿನ ವಿಷಯವನ್ನೇ ಸ್ವಲ್ಪ ನಿಧಾನವಾಗಿ ನೋಡೋಣ. ಜಾಸ್ತಿ ಜಾಯಿಂಟ್‌ಗಳು ಸಾಯುವುದು ಅಲ್ಲೇ.

ಸ್ಟೂಲೋ ಬೆಂಚೋ ನೇರ ಭಾರಕ್ಕೆ ಸಾಮಾನ್ಯವಾಗಿ ಮುರಿಯುವುದಿಲ್ಲ. ನಾಲ್ಕು ಕಾಲಿನ ಮೇಲೆ ನೇರ ಕೂತರೆ ಮರಕ್ಕೆ ಅದೊಂದು ಲೆಕ್ಕವೇ ಅಲ್ಲ. ಮುರಿಯುವುದು ಅಲುಗಾಟಕ್ಕೆ. ಕೂತವರು ಪಕ್ಕಕ್ಕೆ ವಾಲಿ ಮೊಬೈಲ್ ತೆಗೆದುಕೊಳ್ಳುತ್ತಾರೆ. ಯಾರೋ ಸ್ಟೂಲನ್ನು ಎತ್ತದೆ ಎಳೆದುಕೊಂಡು ಹೋಗುತ್ತಾರೆ. ಒಂದು ಲೆಕ್ಕ ಹಾಕಿ ನೋಡಿ. 45 ಸೆಂ.ಮೀ. ಎತ್ತರದ ಸ್ಟೂಲನ್ನು ಮೇಲ್ಗಡೆ 20 ಕೆ.ಜಿ. ಬಲದಿಂದ ಪಕ್ಕಕ್ಕೆ ತಳ್ಳಿದರು ಅಂದುಕೊಳ್ಳಿ. ಕಾಲು ಒಂದು ಸನ್ನೆಗೋಲಾಗುತ್ತದೆ. ಕಾಲುಗಳನ್ನು ಸೇರಿಸುವ ಅಡ್ಡಪಟ್ಟಿಯ ಅಗಲ 5 ಸೆಂ.ಮೀ. ಇದ್ದು, ಒಂದೇ ಜಾಯಿಂಟ್ ಆ ತಳ್ಳನ್ನೆಲ್ಲ ಹೊತ್ತರೆ, ಜಾಯಿಂಟಿನ ಮೇಲಂಚು ಕೆಳಂಚುಗಳಲ್ಲಿ ಸುಮಾರು 180 ಕೆ.ಜಿ. ಬಲ ಬೀಳುತ್ತದೆ. ಅದೇ ಪಟ್ಟಿಯನ್ನು 10 ಸೆಂ.ಮೀ. ಅಗಲ ಮಾಡಿದರೆ 90ಕ್ಕೆ ಇಳಿಯುತ್ತದೆ. ನಿಜವಾದ ಸ್ಟೂಲಿನಲ್ಲಿ ಇದು ನಾಲ್ಕಾರು ಜಾಯಿಂಟ್‌ಗಳಿಗೆ ಹಂಚಿಹೋಗುತ್ತದೆ, ಸರಿ. ಆದರೂ ಗಟ್ಟಿತನಕ್ಕೆ ಮೊದಲ ಉಪಾಯ ಜಾಯಿಂಟಿನ ಹೆಸರಿನಲ್ಲಿಲ್ಲ, ಅಡ್ಡಪಟ್ಟಿಯ ಅಗಲದಲ್ಲಿದೆ ಎಂಬುದು ಇದರಿಂದ ಕಾಣುತ್ತದೆ. ಪಟ್ಟಿ ಅಗಲ ಮಾಡಲು ಆಗದಿದ್ದರೆ ಕಾಲಿನ ಕೆಳಭಾಗದಲ್ಲಿ ಇನ್ನೊಂದು ಅಡ್ಡಪಟ್ಟಿ ಕೊಡಿ. ಆಗ ಹಿಡಿತ ಎರಡು ಕಡೆ ಆಗುತ್ತದೆ.

ಇಂಥ ಅಲುಗಾಟಕ್ಕೆ ಎದುರಾಗಿ ನಿಲ್ಲುವುದರಲ್ಲಿ ಮಾರ್ಟೈಸ್ ಟೆನನ್‌ಗೆ ಸಾಟಿಯಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಮರದಲ್ಲಿ ಆಯತದ ತೂತು, ಇನ್ನೊಂದರ ತುದಿಯಲ್ಲಿ ಆ ತೂತಿಗೆ ಸರಿಯಾಗಿ ಕೂರುವ ನಾಲಿಗೆ. ನಾಲಿಗೆಯ ಎರಡೂ ಕೆನ್ನೆ ತೂತಿನ ಗೋಡೆಗೆ ಒತ್ತಿ ನಿಲ್ಲುವುದರಿಂದ ಅಂಟಿಗೆ ದೊಡ್ಡ ಜಾಗ ಸಿಗುತ್ತದೆ. ಅಂಟು ಹೋದರೂ ನಾಲಿಗೆ ಒಳಗೇ ಇರುತ್ತದೆ. ನಾಲಿಗೆಯ ಬುಡದಲ್ಲಿ ಉಳಿಯುವ ಚಪ್ಪಟೆ ಹೆಗಲು ಕಾಲಿಗೆ ಒತ್ತಿಕೊಂಡು ವಾಲದಂತೆ ತಡೆಯುತ್ತದೆ. ಜನ ನಾಲಿಗೆಯನ್ನು ನುಣ್ಣಗೆ ಮಾಡುವುದರಲ್ಲೇ ಹೊತ್ತು ಕಳೆಯುತ್ತಾರೆ. ಹೆಗಲು ಸುತ್ತಲೂ ಒಂದೇ ಮಟ್ಟದಲ್ಲಿದೆಯಾ ಅಂತ ಮೂಲೆಮಟ್ಟ ಇಟ್ಟು ನೋಡುವುದು ಅದಕ್ಕಿಂತ ಮುಖ್ಯ.

ಅಳತೆ ಹೀಗೆ. ನಾಲಿಗೆಯ ದಪ್ಪ ಪಟ್ಟಿಯ ದಪ್ಪದ ಮೂರನೇ ಒಂದು ಭಾಗ. 36 ಮಿ.ಮೀ. ಪಟ್ಟಿಗೆ 12 ಮಿ.ಮೀ. ನಾಲಿಗೆ. ಲೆಕ್ಕ ಸರಿಯಾಗಿ ಬರದಿದ್ದರೆ ನಿಮ್ಮ ಹತ್ತಿರ ಇರುವ ಉಳಿಯ ಅಗಲವನ್ನೇ ತೂತಿನ ಅಗಲ ಅಂತ ಇಟ್ಟುಕೊಳ್ಳಿ, ನಾಲಿಗೆಯನ್ನು ಅದಕ್ಕೆ ಹೊಂದಿಸಿ. ಕಾಲು ಪಟ್ಟಿಗಿಂತ ದಪ್ಪ ಇದ್ದರೆ ನಾಲಿಗೆಯನ್ನು ಪಟ್ಟಿಯ ಅರ್ಧದವರೆಗೆ ದಪ್ಪ ಮಾಡಬಹುದು. ತೂತಿನ ಆಳ ಕಾಲಿನ ದಪ್ಪದ ಮೂರನೇ ಎರಡು ಭಾಗದಷ್ಟು ಇರಲಿ. ನಾಲಿಗೆ ತಳ ಮುಟ್ಟದೆ ಒಂದೆರಡು ಮಿ.ಮೀ. ಮೊದಲೇ ನಿಲ್ಲಲಿ, ಹೆಚ್ಚಾದ ಅಂಟಿಗೆ ಜಾಗ ಬೇಕು. ಇನ್ನೊಂದು ಮುಖ್ಯ ವಿಷಯ. ತೂತನ್ನು ಕಾಲಿನ ತುತ್ತತುದಿಯವರೆಗೆ ತರಬೇಡಿ. ಮೇಲೆ 15–20 ಮಿ.ಮೀ. ಮರ ಬಿಡದಿದ್ದರೆ ನಾಲಿಗೆ ಹೊಡೆಯುವಾಗಲೇ ಕಾಲಿನ ತಲೆ ಸೀಳುತ್ತದೆ.

ತೂತು ಮೊದಲು, ನಾಲಿಗೆ ಆಮೇಲೆ. ನಾಲಿಗೆಯನ್ನು ಕೀಸಿ ತೆಳ್ಳಗೆ ಮಾಡಬಹುದು, ತೂತನ್ನು ಚಿಕ್ಕದು ಮಾಡಲು ಬರುವುದಿಲ್ಲ. ಗುರುತನ್ನು ಪೆನ್ಸಿಲ್ಲಿಗಿಂತ ಚೂರಿಯ ಮೊನೆಯಲ್ಲಿ ಹಾಕುವುದು ಒಳ್ಳೆಯದು. ಚೂರಿ ನಾರನ್ನು ಕತ್ತರಿಸಿ ಕೂದಲೆಳೆಯಷ್ಟು ಸಣ್ಣ ಗೆರೆ ಬಿಡುತ್ತದೆ. ಉಳಿಯ ಬಾಯಿಯನ್ನು ಅದರ ಮೇಲಿಟ್ಟರೆ ಅದು ತಾನೇ ಜಾರಿ ಗೆರೆಯಲ್ಲಿ ಕೂರುತ್ತದೆ. ಕೈಗೆ ಅದು ಗೊತ್ತಾಗುತ್ತದೆ. ಕೊಡತಿಯಲ್ಲಿ ಹೊಡೆಯುವಾಗ ಮೊದಮೊದಲು ಟೊಳ್ಳು ಸದ್ದು ಬರುತ್ತದೆ, ಉಳಿ ಆಳಕ್ಕೆ ಇಳಿದ ಹಾಗೆ ಸದ್ದು ಗಟ್ಟಿಯಾಗುತ್ತದೆ. ಚಕ್ಕೆ ಎಬ್ಬಿಸುವಾಗ ತೂತಿನ ತುದಿಯ ಅಂಚನ್ನು ಆಧಾರ ಮಾಡಿಕೊಂಡು ಮೀಟಬಾರದು, ಅಂಚು ಜಜ್ಜಿಹೋಗುತ್ತದೆ. ಎರಡೂ ತುದಿಯಲ್ಲಿ ಒಂದೆರಡು ಮಿ.ಮೀ. ಮರ ಉಳಿಸಿಕೊಂಡು ನಡುವೆ ಪೂರ್ತಿ ತೆಗೆದು, ಕೊನೆಗೆ ಆ ತುದಿಗಳನ್ನು ನೇರವಾಗಿ ಕತ್ತರಿಸಿ. ಆಮೇಲೆ ನಾಲಿಗೆ ಹಾಕಿ ನೋಡಿ. ಅರ್ಧದವರೆಗೆ ಕೈಯಲ್ಲೇ ಹೋಗಬೇಕು, ಉಳಿದದ್ದಕ್ಕೆ ಕೊಡತಿಯ ಸಣ್ಣ ಏಟು ಸಾಕಾಗಬೇಕು. ಜಾಯಿಂಟನ್ನು ತಲೆಕೆಳಗೆ ಹಿಡಿದರೆ ಕಾಲು ತಾನಾಗಿ ಉದುರಬಾರದು. ಜೋರಾಗಿ ಬಡಿದರೆ ಮಾತ್ರ ಒಳಗೆ ಹೋಗುತ್ತದೆ ಅಂದರೆ ನಿಲ್ಲಿಸಿ, ನಾಲಿಗೆಯನ್ನು ಇನ್ನೊಂದು ಪದರ ಕೀಸಿ.

ಅಪಾರ್ಟ್‌ಮೆಂಟಿನಲ್ಲಿ ಕೆಲಸ ಮಾಡುವವರ ಹತ್ತಿರ ಉದ್ದದ ಕ್ಲಾಂಪ್ ಇರುವುದಿಲ್ಲ ಅಲ್ವಾ? ಅದಕ್ಕೊಂದು ಹಳೆಯ ಉಪಾಯವಿದೆ. ಕಾಲಿನಲ್ಲಿ ತೂತಿನ ಮೂಲಕ ಅಡ್ಡಕ್ಕೆ 6 ಅಥವಾ 8 ಮಿ.ಮೀ. ರಂಧ್ರ ಕೊರೆಯಿರಿ. ನಾಲಿಗೆ ಸೇರಿಸಿ, ಡ್ರಿಲ್ ಬಿಟ್ಟಿನ ಮೊನೆಯಿಂದ ನಾಲಿಗೆಯ ಮೇಲೆ ಗುರುತು ಮಾಡಿ, ಹೊರಗೆ ತೆಗೆಯಿರಿ. ನಾಲಿಗೆಯ ರಂಧ್ರವನ್ನು ಆ ಗುರುತಿಗಿಂತ ಒಂದು ಮಿ.ಮೀ. ಹೆಗಲಿನ ಕಡೆಗೆ ಸರಿಸಿ ಕೊರೆಯಿರಿ. ಈಗ ಮತ್ತೆ ಸೇರಿಸಿ, ಮೊನೆ ಸಣ್ಣ ಮಾಡಿದ ಗೂಟ ಹೊಡೆದರೆ ಅದು ಆ ಒಂದು ಮಿ.ಮೀ. ಸೊಟ್ಟವನ್ನು ನೇರ ಮಾಡಲು ಹೋಗಿ ನಾಲಿಗೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೆಗಲು ಕಾಲಿಗೆ ಕಚ್ಚಿಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ಕ್ಲಾಂಪೂ ಬೇಡ, ಅಂಟಿಲ್ಲದಿದ್ದರೂ ನಿಲ್ಲುತ್ತದೆ. ಗೂಟಕ್ಕೆ ಚೆನ್ನಾಗಿ ಒಣಗಿದ ಬಿದಿರು ಒಳ್ಳೆಯದು. ಬಾಗಿಲು, ಕಿಟಕಿಯ ಚೌಕಟ್ಟುಗಳ ಮೂಲೆಗೆ ಬಿದಿರಿನ ಗೂಟ ಹೊಡೆಯುವುದು ನಮ್ಮ ಬಡಗಿಗಳಿಗೆ ಹೊಸತೇನಲ್ಲ.

ಈ ಜಾಯಿಂಟ್ ಎಷ್ಟು ಹಳೆಯದು ಅಂತ ಯೋಚಿಸಿದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ಜರ್ಮನಿಯ ಲೈಪ್‌ಜಿಗ್ ಹತ್ತಿರದ ಆಲ್ಟ್‌ಶೆರ್ಬಿಟ್ಜ್ ಎಂಬಲ್ಲಿ ಓಕ್ ಮರದ ಬಾವಿಯೊಂದು ಸಿಕ್ಕಿದೆ. ಸುಮಾರು 7000 ವರ್ಷ ಹಳೆಯದು. ಕಬ್ಬಿಣ ಇನ್ನೂ ಬಂದಿರಲಿಲ್ಲ, ಕಲ್ಲಿನ ಬಾಚಿಯಲ್ಲೇ ಕೆಲಸ. ಆದರೂ ಅದರ ತಳದ ಚೌಕಟ್ಟಿನಲ್ಲಿ ನಾಲಿಗೆ ತೂತಿನ ಆಚೆಗೆ ಹೊರಬಂದಿದೆ, ಅದಕ್ಕೆ ಬೆಣೆ ಹೊಡೆದು ಬಿಗಿ ಮಾಡಿದ್ದಾರೆ. ಮೊಳೆ ಹುಟ್ಟುವ ಮೊದಲೇ ಜನಕ್ಕೆ ಬೆಣೆ ಗೊತ್ತಿತ್ತು.

ಗಟ್ಟಿ ಮಾಡಿದ್ದು ಸಾಕು, ಇನ್ನು ಬಿಡುವ ವಿಷಯಕ್ಕೆ ಬರೋಣ. ಮರ ಸತ್ತ ಮೇಲೂ ಉಸಿರಾಡುತ್ತದೆ ಅನ್ನುತ್ತಾರೆ. ಮಲೆನಾಡಿನಲ್ಲಿ ಆಷಾಢ ಬಂತೆಂದರೆ ಬಾಗಿಲು ಬಿಗಿಯಾಗಿ, ಹೆಗಲು ಕೊಟ್ಟು ನೂಕಬೇಕಾಗುತ್ತದೆ. ಬೇಸಿಗೆಗೆ ಅದೇ ಬಾಗಿಲು ಸಡಿಲ. ಗಾಳಿಯ ತೇವ ಹೀರಿದಾಗ ಮರ ಅಡ್ಡಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದಕ್ಕೆ ಮಾತ್ರ ಹೆಚ್ಚುಕಮ್ಮಿ ಏನೂ ಆಗುವುದಿಲ್ಲ. ತೇಗವನ್ನು ಬಡಗಿಗಳು ಮೆಚ್ಚುವುದಕ್ಕೆ ಒಂದು ಕಾರಣ ಅದು ಕಡಿಮೆ ಅಲುಗುತ್ತದೆ ಎನ್ನುವುದು. ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ತೇಗ ಬೆಳೆಯುಂಗುರದ ಗುಂಟ ಸುಮಾರು 5.8%, ಉಂಗುರಕ್ಕೆ ಅಡ್ಡವಾಗಿ ಸುಮಾರು 2.5% ಕುಗ್ಗುತ್ತದೆ. ಅಂಥ ತೇಗದಲ್ಲೇ ಒಂದು ಮೀಟರ್ ಅಗಲದ ಟೇಬಲ್ ಮೇಲ್ಮೈ ಮಾಡಿದಿರಿ ಅಂದುಕೊಳ್ಳಿ. ಬೇಸಿಗೆಗೂ ಮಳೆಗಾಲಕ್ಕೂ ಮರದ ತೇವದಲ್ಲಿ 4% ವ್ಯತ್ಯಾಸ ಬಂದರೆ ಅಗಲ ಸುಮಾರು 4ರಿಂದ 8 ಮಿ.ಮೀ. ಬದಲಾಗುತ್ತದೆ. ಎಷ್ಟು ಅನ್ನುವುದು ಹಲಗೆಯನ್ನು ದಿಮ್ಮಿಯಿಂದ ಹೇಗೆ ಕೊಯ್ದಿದ್ದಾರೆ ಎಂಬುದರ ಮೇಲೆ ಹೋಗುತ್ತದೆ.

ಈ ಹಿಗ್ಗುವಿಕೆಯನ್ನು ಯಾವ ಅಂಟೂ ತಡೆಯುವುದಿಲ್ಲ. ತಡೆದರೆ ಹಲಗೆ ಸೀಳುತ್ತದೆ. ಟೇಬಲ್ಲಿನ ಮೇಲ್ಮೈಯನ್ನು ಅಡ್ಡಪಟ್ಟಿಗಳಿಗೆ ಸುತ್ತಲೂ ಅಂಟಿಸಿಬಿಡುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಒಳ್ಳೆಯ ಮರ, ಒಳ್ಳೆಯ ಪಾಲಿಶ್, ಎರಡು ಮಳೆಗಾಲ ಕಳೆಯುವುದರೊಳಗೆ ನಡುವೆ ಬಿರುಕು. ಸ್ಕ್ರೂವಿನ ತೂತನ್ನು ಅಡ್ಡಕ್ಕೆ ಉದ್ದ ಮಾಡಿ. ಇಲ್ಲವೇ ಅಡ್ಡಪಟ್ಟಿಯ ಗಾಡಿಯಲ್ಲಿ, ಅಂದರೆ ಅದರಲ್ಲಿ ಕೊರೆದ ಕಾಲುವೆಯಲ್ಲಿ, ಜಾರುವಂಥ ಸಣ್ಣ ಮರದ ತುಂಡುಗಳಿಂದ ಮೇಲ್ಮೈಯನ್ನು ಹಿಡಿಸಿ. ಕಡಿಮೆ ಖರ್ಚಿನ ಕೆಲಸ, ಹದಿನೈದು ನಿಮಿಷ ಜಾಸ್ತಿ ಹಿಡಿಯಬಹುದು.

ನಮ್ಮ ಮನೆಯಲ್ಲಿ ಊಟಕ್ಕೆ ಹಾಕುವ ಒಂದು ಹಲಸಿನ ಮಣೆ ಇದೆ. ಅದನ್ನು ತಿರುಗಿಸಿ ನೋಡುವುದು ನನಗೆ ಇಷ್ಟ. ಅಗಲದ ಒಂದೇ ಹಲಗೆ, ಕೆಳಗೆ ಎರಡು ಅಡ್ಡ ಕಾಲು. ಮೊಳೆ ಇಲ್ಲ. ಹಲಗೆಯ ಅಡಿಯಲ್ಲಿ ಅಡ್ಡಕ್ಕೆ ಒಂದು ಗಾಡಿ ಕೊರೆದಿದ್ದಾರೆ, ಅದರ ಬಾಯಿ ಕಿರಿದು, ತಳ ಅಗಲ. ಕಾಲಿನ ಮೇಲಂಚನ್ನೂ ಅದೇ ಓರೆಗೆ ಕೀಸಿ ಪಕ್ಕದಿಂದ ತಳ್ಳಿದ್ದಾರೆ. ಕಾಲು ಕೆಳಕ್ಕೆ ಕಳಚುವುದಿಲ್ಲ, ಹಲಗೆ ಸೊಟ್ಟಗಾಗದಂತೆ ನೇರ ಹಿಡಿದಿಡುತ್ತದೆ. ಆದರೆ ಹಲಗೆ ಹಿಗ್ಗಬೇಕೆಂದಾಗ ಕಾಲಿನ ಮೇಲೆ ಜಾರಿಕೊಂಡು ಹಿಗ್ಗುತ್ತದೆ. ಎಲ್ಲೂ ಅಂಟಿಲ್ಲ. ಬೇಕೆಂದರೆ ನಡುಮಧ್ಯದಲ್ಲಿ ಒಂದು ಹನಿ ಹಾಕಬಹುದು, ಎರಡೂ ಕಡೆಗೆ ಸಮನಾಗಿ ಜಾರಲಿ ಅಂತ. ಹಳೆಯ ಬಾಗಿಲುಗಳಲ್ಲಿ ಚೌಕಟ್ಟಿನ ಗಾಡಿಯೊಳಗೆ ನಡುವಿನ ಹಲಗೆ ಸಡಿಲವಾಗಿ ಕೂತಿರುವುದೂ ಇದೇ ಕಾರಣಕ್ಕೆ. ಯಾರಾದರೂ ದುರಸ್ತಿ ಮಾಡುವಾಗ "ಅಲ್ಲಾಡ್ತಿದೆ" ಅಂತ ಅದಕ್ಕೆ ಮೊಳೆ ಹೊಡೆದರೆ ದಯವಿಟ್ಟು ತಡೆಯಿರಿ.

ಡ್ರಾಯರಿಗೆ ಡವ್‌ಟೇಲ್. ಇಲ್ಲಿ ಬೇರೆ ಯೋಚನೆ ಬೇಕಿಲ್ಲ. ತುದಿಯ ಕಡೆಗೆ ಅಗಲವಾಗುತ್ತ ಹೋಗುವ ಹಲ್ಲುಗಳನ್ನು ಪಕ್ಕದ ಹಲಗೆಗಳಲ್ಲಿ ಕೊಯ್ಯಬೇಕು, ಮುಂದಿನ ಹಲಗೆಯಲ್ಲಿ ಅಲ್ಲ. ಹಾಗೆ ಮಾಡಿದರೆ ಹಿಡಿ ಹಿಡಿದು ಎಷ್ಟು ಎಳೆದರೂ ಹಲ್ಲು ಇನ್ನಷ್ಟು ಬಿಗಿಯುತ್ತದೆ. ಓರೆ ಮೆತ್ತನೆ ಮರಕ್ಕೆ 1:6 (ಆರು ಮಿ.ಮೀ. ಉದ್ದಕ್ಕೆ ಒಂದು ಮಿ.ಮೀ. ಓರೆ), ಗಟ್ಟಿ ಮರಕ್ಕೆ 1:8. ಡವ್‌ಟೇಲ್ ಚೆಂದ ಕಾಣುತ್ತದೆ ಅಂತ ಎಲ್ಲ ಕಡೆ ಹಾಕುವವರಿದ್ದಾರೆ, ಅದು ಅವರವರ ಖುಷಿ. ಡ್ರಾಯರ್ ಬಿಟ್ಟರೆ ಪೆಟ್ಟಿಗೆಗಳಿಗೆ ನಾನು ಹಾಕುತ್ತೇನೆ, ಮತ್ತೆ ಎಲ್ಲೂ ಇಲ್ಲ.

ಇಷ್ಟು ಹೊತ್ತು ಹೇಳಿದ್ದು ದಿಮ್ಮಿಯಿಂದ ಕೊಯ್ದ ಮರದ ಮಾತು. ಆದರೆ ಪೇಟೆಯಲ್ಲಿ ನಮ್ಮ ಕೈಗೆ ಜಾಸ್ತಿ ಸಿಗುವುದು 18 ಮಿ.ಮೀ. ಪ್ಲೈ. ಅದರಲ್ಲಿ ಪದರಗಳನ್ನು ಅಡ್ಡ ಉದ್ದ ಜೋಡಿಸಿ ಒತ್ತಿರುವುದರಿಂದ ಹಿಗ್ಗುವ ಕುಗ್ಗುವ ಚಿಂತೆ ಇಲ್ಲ. ಹಾಗಾಗಿ ಎಲ್ಲ ಕಡೆ ಧೈರ್ಯವಾಗಿ ಅಂಟಿಸಬಹುದು. ಪುಸ್ತಕದ ಕಪಾಟಾದರೆ ಪಕ್ಕದ ಹಲಗೆಯಲ್ಲಿ 6 ಮಿ.ಮೀ. ಆಳದ ಗಾಡಿ ತೆಗೆದು ಅಡ್ಡ ಹಲಗೆಯನ್ನು ಅದರಲ್ಲಿ ಕೂರಿಸಿ. ಪುಸ್ತಕದ ಭಾರವನ್ನು ಗಾಡಿಯ ಕೆಳತುಟಿ ಹೊರುತ್ತದೆ, ಸ್ಕ್ರೂ ಹೊರಬೇಕಾಗಿಲ್ಲ. ಸ್ಕ್ರೂ ಪ್ಲೈನ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಅಂಚಿಗೆ ಹಾಕಿದರೆ ಪದರ ಬಾಯಿ ಬಿಡುವ ಸಾಧ್ಯತೆ ಇದೆ, ಮೊದಲು ಸಣ್ಣ ರಂಧ್ರ ಕೊರೆದೇ ಹಾಕಬೇಕು. ಅಡ್ಡ ಹಲಗೆಯ ಉದ್ದ 75 ಸೆಂ.ಮೀ. ದಾಟದಿರಲಿ. ಪ್ರತಿ ಅಡಿ ಉದ್ದಕ್ಕೆ ಅಷ್ಟೇ ಪುಸ್ತಕ ಇಟ್ಟು ಹಲಗೆಯ ಉದ್ದವನ್ನು ಎರಡು ಪಟ್ಟು ಮಾಡಿದರೆ ಹಲಗೆ 16 ಪಟ್ಟು ಬಾಗುತ್ತದೆ. ಉದ್ದ ಬೇಕೇ ಬೇಕಾದರೆ ಮುಂದಿನ ಅಂಚಿಗೆ 40 ಮಿ.ಮೀ. ಅಗಲದ ಗಟ್ಟಿ ಮರದ ಪಟ್ಟಿಯನ್ನು ನಿಲ್ಲಿಸಿ ಅಂಟಿಸಿ.

ಪಾರ್ಟಿಕಲ್ ಬೋರ್ಡಿನಲ್ಲಿ ಉದ್ದನೆ ನಾರೇ ಇಲ್ಲ, ಅಂಟಿನಲ್ಲಿ ಕಲಸಿ ಒತ್ತಿದ ಮರದ ಚೂರು. ಅದಕ್ಕೆ ನಾಲಿಗೆ ಕೊಯ್ಯಲು ಹೋಗಬೇಡಿ, ಉದುರುತ್ತದೆ. ಅದಕ್ಕೆಂದೇ ಬರುವ ಮಿನಿಫಿಕ್ಸ್ (ತಿರುಗಿಸಿ ಬಿಗಿಯುವ ಲೋಹದ ಜೋಡಣೆ), ಡೋವೆಲ್ (ದುಂಡನೆ ಮರದ ಕಡ್ಡಿ) ಹಾಕಿ, ಬಿಚ್ಚಿ ಜೋಡಿಸುವುದನ್ನು ಆದಷ್ಟು ಕಡಿಮೆ ಮಾಡಿ.

ಡೋವೆಲ್ ಬಗ್ಗೆ ನನ್ನ ಅಭಿಪ್ರಾಯ ಕೇಳುವವರು ಬಹಳ. 18 ಮಿ.ಮೀ. ಪ್ಲೈಗೆ 8 ಮಿ.ಮೀ. ಡೋವೆಲ್ ಚೆನ್ನಾಗಿ ಒಪ್ಪುತ್ತದೆ, ಹಲಗೆ ಜರುಗದಂತೆ ಹಿಡಿಯುತ್ತದೆ. ಕುರ್ಚಿಗೆ ಮಾತ್ರ ನಾನು ಬೇಡ ಅನ್ನುತ್ತೇನೆ. ದುಂಡನೆ ತೂತಿನಲ್ಲಿ ದುಂಡನೆ ಕಡ್ಡಿ, ಅದರ ಮೈಯಲ್ಲಿ ನಾರು ಉದ್ದಕ್ಕೆ ತಾಗುವ ಜಾಗ ಸ್ವಲ್ಪವೇ. ಕಾಲ ಕಳೆದಂತೆ ಕಡ್ಡಿ ಒಣಗಿ ಅಂಡಾಕಾರವಾಗುತ್ತದೆ, ತೂತು ಅಂಡಾಕಾರವಾಗುವುದು ಇನ್ನೊಂದು ದಿಕ್ಕಿಗೆ. ಎರಡೂ ತುದಿಯನ್ನು 45 ಡಿಗ್ರಿ ಓರೆಗೆ ಕೊಯ್ದು ಸೇರಿಸುವ ಮೈಟರ್ ಮೂಲೆ ನೋಡಲು ಅಚ್ಚುಕಟ್ಟು, ಆದರೆ ಎರಡೂ ಕಡೆ ಕೊಯ್ದ ತುದಿ. ಮೂಲೆಗೆ ಅಡ್ಡಲಾಗಿ ತೆಳ್ಳನೆ ಪಟ್ಟಿ ಸೇರಿಸಿದರೆ ಫೋಟೋ ಫ್ರೇಮಿಗೆ ಸಾಕು.

ಅಂಟಿನ ಬಗ್ಗೆ ಎರಡೇ ಮಾತು. ತೇಗದಲ್ಲಿ ಎಣ್ಣೆ ಇರುತ್ತದೆ, ಹಚ್ಚುವ ಮೊದಲು ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಒರೆಸಿ ಒಣಗಿದ ಕೂಡಲೇ ಅಂಟಿಸಿ. ಬಿಳಿ ಅಂಟು ಅರ್ಧ ಗಂಟೆಯಲ್ಲಿ ಹಿಡಿದಂತೆ ಕಂಡರೂ ಪೂರ್ತಿ ಬಲ ಬರಲು ಒಂದು ದಿನ ಬೇಕು.

ಹಿಂದಿನವರು ಬಳಸುತ್ತಿದ್ದ ಮರವಜ್ರದಲ್ಲಿ, ಅಂದರೆ ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ಮಾಡಿದ ಅಂಟಿನಲ್ಲಿ, ಇನ್ನೊಂದು ಗುಣವಿತ್ತು. ಬಿಸಿ ಮತ್ತು ತೇವ ತಾಗಿಸಿದರೆ ಅದು ಬಿಡುತ್ತಿತ್ತು. ಕುರ್ಚಿ ಸಡಿಲವಾದರೆ ಜಾಯಿಂಟ್ ಬಿಚ್ಚಿ, ತೊಳೆದು, ಮತ್ತೆ ಅಂಟಿಸಬಹುದಿತ್ತು. ಈಗಿನ ಅಂಟು ಹಾಗೆ ಬಿಡುವುದಿಲ್ಲ. ಆದ್ದರಿಂದ ಬಿಚ್ಚಬೇಕಾಗಿ ಬರಬಹುದಾದ ಕಡೆ ಅಂಟನ್ನೇ ಹಾಕಬೇಡಿ. ಬಾಡಿಗೆ ಮನೆಯವರ ಮಂಚ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಲಿಫ್ಟಿನಲ್ಲಿ ಇಳಿಯಬೇಕು, ಟೆಂಪೋದಲ್ಲಿ ಹೋಗಬೇಕು, ಹೊಸ ಮನೆಯ ಮೂರನೇ ಮಹಡಿ ಹತ್ತಬೇಕು. ಉದ್ದದ ಪಟ್ಟಿಗೆ ಗಿಡ್ಡ ನಾಲಿಗೆ ಕೊಟ್ಟು, ಅದನ್ನು ಬೋಲ್ಟಿನಿಂದ ಬಿಗಿಯಿರಿ. ಭಾರವನ್ನು ನಾಲಿಗೆ ಹೊರುತ್ತದೆ, ಬೋಲ್ಟ್ ಸುಮ್ನೆ ಎಳೆದು ಹಿಡಿಯುತ್ತದೆ. ಓದುವ ಮೇಜಿಗಾದರೆ ಹೊರಬಂದ ನಾಲಿಗೆಗೆ ಬೆಣೆ ಹೊಡೆದರೆ ಸಾಕು. ಬೆಣೆಯನ್ನು ಕೆಳಗಿನಿಂದ ತಟ್ಟಿದರೆ ಮೇಜು ಬಿಚ್ಚಿಕೊಳ್ಳುತ್ತದೆ. ಸಡಿಲವಾಯಿತು ಅನ್ನಿಸಿದ ದಿನ ಮೇಲಿನಿಂದ ಒಂದು ಏಟು.

ಶುರು ಮಾಡುವವರಿಗೆ ನಾನು ಹೇಳುವುದು ಇಷ್ಟೆ. ಸಿಲ್ವರ್ ಓಕ್ ಅಥವಾ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಅಗ್ಗಕ್ಕೆ ಸಿಗುತ್ತದೆ. ಎರಡು ತುಂಡು ತೆಗೆದುಕೊಂಡು ಒಂದು ನಾಲಿಗೆ, ಒಂದು ತೂತು ಮಾಡಿ ಅಂಟಿಸಿ. ಇನ್ನೆರಡು ತುಂಡನ್ನು ಬಟ್ ಜಾಯಿಂಟಿಗೆ ಸೇರಿಸಿ ಸ್ಕ್ರೂ ಹಾಕಿ. ಒಂದು ದಿನ ಬಿಡಿ. ಆಮೇಲೆ ಎರಡನ್ನೂ ಬೇಕೆಂದೇ ಮುರಿಯಿರಿ. ಒಂದು ತುಂಡಿನ ಮೇಲೆ ಕಾಲಿಟ್ಟು ಇನ್ನೊಂದನ್ನು ಪಕ್ಕಕ್ಕೆ ಎಳೆದರೆ ಆಯಿತು. ಮುರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಮರದ ನಾರು ಹರಿದು ಬಂದಿದ್ದರೆ ನಿಮ್ಮ ಜಾಯಿಂಟ್ ಸರಿಯಿದೆ. ಅಂಟಿನ ನುಣುಪು ಪದರ ಕಂಡರೆ ನಾಲಿಗೆ ಸಡಿಲವಾಗಿತ್ತು, ಇಲ್ಲವೇ ಅಂಟು ಸಾಲಲಿಲ್ಲ. ತೂತಿನ ಬದಿ ಒಡೆದಿದ್ದರೆ ನಾಲಿಗೆ ದಪ್ಪವಾಯಿತು, ಮುಂದಿನ ಸಲ ಒಂದೆರಡು ಮಿ.ಮೀ. ಕಡಿಮೆ ಮಾಡಿ ಕೊಯ್ಯಿರಿ.